ದೊಡ್ಡವ್ವನ ಅಳು, ನನ್ನ ಗಿಟಾರು

ಮೈಕು ಹಿಡಿದುಕೊಂಡು ನನ್ನ ಹತ್ತಿರ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಸರ್, ಆ ಸಿನಿಮಾದಾಗ ದೆವ್ವ ಅಳತೈತಲ್ರಿ, ಆ ದನಿ ಹೆಂಗ ಮಾಡಿದ್ರಿ?" ಇಪ್ಪತ್ತೆರಡು ವರ್ಷದಿಂದ ಗಿಟಾರು ಬಾರಿಸುತ್ತಿದ್ದೇನೆ. ಮದುವೆ ಆರ್ಕೆಸ್ಟ್ರಾದಲ್ಲಿ ಬಾರಿಸಿದೆ, ನಮ್ಮದೇ ರಾಕ್ ಬ್ಯಾಂಡು ಕಟ್ಟಿ ಬಾರಿಸಿದೆ, ಆಮೇಲೆ ಐದು ಹಾರರ್ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡಿದೆ. ಎಡಗೈ ಬೆರಳ ತುದಿಗಳು ದಡ್ಡುಗಟ್ಟಿ, ಬಿಸಿ ಚಹಾದ ಲೋಟ ಹಿಡಿದರೂ ಈಗ ಗೊತ್ತಾಗುವುದಿಲ್ಲ. ಅದನ್ನು ಒಬ್ಬನೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದದ್ದು ಆ ಅಳು, ಆ ಹನ್ನೊಂದು ಸೆಕೆಂಡು.

"ಗಿಟಾರಿನಲ್ಲೇ ಮಾಡಿದ್ದು" ಎಂದು ಹೇಳುತ್ತ ಬಂದೆ. ಸುಳ್ಳು. ಹಸಿ ಹಸಿ ಸುಳ್ಳು. ಅದು ನನ್ನ ದೊಡ್ಡವ್ವನ ದನಿ. ನನ್ನ ತಾಯಿಯ ಒಡಹುಟ್ಟಿದ ಅಕ್ಕ, ಹುನಗುಂದದವಳು. ಗಂಡನ ಹೆಣದ ಮುಂದೆ ಕೂತು ಅವಳು ಅತ್ತದ್ದನ್ನು ಕದ್ದು ತಂದು ದೆವ್ವದ ಬಾಯಿಗೆ ಹಾಕಿದವನು ನಾನು. ಇದನ್ನು ಓದಿ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ನನಗೆ ನನ್ನ ಮೇಲೆ ಬಂದಿರುವಷ್ಟು ಬೇರೆ ಯಾರಿಗೂ ಬರಲಿಕ್ಕಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಹೆಣದ ಸುತ್ತ ಕೂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ, ಸತ್ತವರ ಬದುಕನ್ನೆಲ್ಲ ಹೇಳಿಕೊಂಡು ಅಳುತ್ತಾರೆ. ಏನು ಉಣ್ಣುತ್ತಿದ್ದ, ಯಾರ ಮೇಲೆ ಮುನಿಸಿಕೊಂಡಿದ್ದ, ಯಾವ ಸೀರೆ ತರುತ್ತೇನೆಂದು ಹೇಳಿ ತರಲೇ ಇಲ್ಲ, ಎಲ್ಲ ಬರುತ್ತದೆ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಹಿಡಿಯುತ್ತಾರೆ. ದೊಡ್ಡವ್ವ ಎತ್ತಿಕೊಡುವವಳು. ಹುನಗುಂದ, ಅಮೀನಗಡ, ಇಳಕಲ್ಲು, ಬೇವೂರು, ಬಳಗದಲ್ಲಿ ಎಲ್ಲಿ ಸಾವಾದರೂ ಜನ ಮೊದಲು ಕೇಳುತ್ತಿದ್ದದ್ದು ದೊಡ್ಡವ್ವ ಬಂದಳೋ ಇಲ್ಲವೋ ಎಂದು. ಅವಳು ಬಂದು ಕೂತ ಮೇಲೇ ಮನೆಯವರ ದುಃಖ ಸರಿಯಾಗಿ ಹೊರಗೆ ಬರುತ್ತಿತ್ತು.

ನಾನು ಇಳಕಲ್ಲಿನ ನೇಕಾರರ ಓಣಿಯವನು. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಕೂತು ರಾಟಿಯಲ್ಲಿ ನೂಲು ಸುತ್ತಿ ಕೊಡುತ್ತಿದ್ದಳು. ಹದಿನಾರನೆಯ ವಯಸ್ಸಿಗೆ ಮದುವೆ ಆರ್ಕೆಸ್ಟ್ರಾದವನೊಬ್ಬನ ಹಳೆಯ ಗಿಟಾರು ನನ್ನ ಕೈಗೆ ಬಂತು. ಅದೇ ಸುಮಾರಿಗೆ ಯಾರೋ ಕೊಟ್ಟ ಸೀಡಿಯಲ್ಲಿ ಹೊರದೇಶದ ಗಿಟಾರಿಸ್ಟನೊಬ್ಬ ತಂತಿಯನ್ನು ಬೆರಳಿನಿಂದ ಮೇಲಕ್ಕೆ ದಬ್ಬಿ ಸ್ವರ ಅಳುವಂತೆ ಮಾಡುವುದನ್ನು ಕೇಳಿದೆ. ಗೆಳೆಯರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರು. ನನಗೆ ಮಾತ್ರ, ಅರೆ, ಇದು ನಮ್ಮ ದೊಡ್ಡವ್ವ ಅಳುವ ಹಾಗೇ ಇದೆಯಲ್ಲ ಎನ್ನಿಸಿತು. ಅದನ್ನು ಕಲಿಯಲು ಉಳಿದವರು ತಿಂಗಳುಗಟ್ಟಲೆ ಒದ್ದಾಡಿದರು, ನನಗೆ ಎರಡೇ ದಿನಕ್ಕೆ ಕೈಗೆ ಹತ್ತಿತು. ಸ್ವರ ಎಲ್ಲಿಂದ ಎಲ್ಲಿಗೆ ಜಾರಬೇಕು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಒಡೆಯಬೇಕು ಎಂಬುದೆಲ್ಲ ಚಿಕ್ಕಂದಿನಿಂದ ಸಾವಿನ ಮನೆಗಳಲ್ಲಿ ಕೇಳಿ ಕಿವಿಯಲ್ಲಿ ಕೂತಿತ್ತು. ಗುರು ಅಂತ ನನಗೆ ಯಾರಾದರೂ ಇದ್ದರೆ ಅವಳೇ.

ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುವಾಗ ನಾಲ್ಕು ಜನ ಸೇರಿ ಬ್ಯಾಂಡು ಮಾಡಿದೆವು. ಡ್ರಮ್ಮರ್ ಹುನಗುಂದದವನು, ದೊಡ್ಡವ್ವನ ಮನೆಯಿಂದ ನಾಲ್ಕನೆಯ ಮನೆ. ಅವನ ಅಪ್ಪನ ಪಂಪ್‌ಸೆಟ್ ಅಂಗಡಿಯ ಗೋದಾಮಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ತಾಲೀಮು ನಡೆಯುತ್ತಿತ್ತು. ಹತ್ತು ಗಂಟೆಯಾಯಿತೆಂದರೆ ದೊಡ್ಡವ್ವ ಚಹಾದ ಕಿತ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಏನ್ ಬಡಕೋತೀರೋ ಏನೋ! ನಿಂದರಸ್ರಿ ಅದನ್ನ. ಚಾ ಆರಾಕತ್ತೈತಿ." ಮನೆಯಲ್ಲಿ ದೊಡ್ಡಪ್ಪನಿಗೂ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ ಮಾತೇ ಅದು. ನಾವು ಕುಡಿದು ಮುಗಿಸುವತನಕ ನಿಂತಿದ್ದು ಲೋಟ ಎಣಿಸಿಕೊಂಡು ಹೋಗುತ್ತಿದ್ದಳು.

ಊರಿಗೇನೂ ನಾವು ಬೇಕಾಗಿರಲಿಲ್ಲ. ಕಾಲೇಜಿನ ಗ್ಯಾದರಿಂಗು, ಗಣಪತಿ ಪೆಂಡಾಲು, ಎಲ್ಲಿ ಹೋದರೂ ಎರಡನೆಯ ಹಾಡಿಗೆ "ಡಿಜೆ ಹಚ್ಚರಿ" ಎಂಬ ಕೂಗು ಏಳುತ್ತಿತ್ತು. ಬಾದಾಮಿಯಲ್ಲಿ ಒಂದು ಸಲ ಆಂಪ್ಲಿಫೈಯರಿನ ವೈರನ್ನೇ ಕಿತ್ತು ಹಾಕಿದರು. ಹತ್ತು ವರ್ಷ ಈ ಅವಮಾನ ತಿಂದೆವು. ಹಾಡುಗಳನ್ನು ನಾವೇ ಬರೆದಿದ್ದೆವು, ನಮ್ಮ ಮಾತಿನಲ್ಲೇ ಬರೆದಿದ್ದೆವು, ಆದರೂ ನಮ್ಮ ಜನಕ್ಕೆ ನಾವು ಯಾರೋ ಪರದೇಶಿಗಳು. ಈಗ ಅದೇ ಜನ ನನ್ನ ಜೊತೆ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಯಾತಕ್ಕೆಂದು ಗೊತ್ತಲ್ಲ. ಮೈ ಉರಿಯುತ್ತದೆ.

ಬಾಗಲಕೋಟೆಯ ನವನಗರದಲ್ಲಿ ಒಂದು ಬಾಡಿಗೆ ಕೋಣೆಗೆ ಗೋಣಿಚೀಲ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದೆ. ಅಲ್ಲಿಗೆ ಬಂದ ಆ ನಿರ್ದೇಶಕ. ಬೆಂಗಳೂರಿನವನು. ಮಹಾಕೂಟದ ದಾರಿಯಲ್ಲಿ ಪಾಳುಬಿದ್ದ ಕಲ್ಲಿನ ಮನೆಯೊಂದನ್ನು ಹಿಡಿದು ದೆವ್ವದ ಸಿನಿಮಾ ಮಾಡುತ್ತಿದ್ದ. ನಮ್ಮ ಬ್ಯಾಂಡಿನ ವಿಡಿಯೋ ನೋಡಿ, "ನಿಮ್ಮ ಗಿಟಾರ್ ಕೇಳಿದ್ರೆ ಹೊಟ್ಟೆಯೊಳಗೆ ಏನೋ ಆಗುತ್ತೆ ಸರ್" ಎಂದ. ಅಷ್ಟು ಸಾಕಾಯಿತು ನನಗೆ. ಹತ್ತು ವರ್ಷದ ಮೇಲೆ ಒಬ್ಬ ಮನುಷ್ಯ ಒಳ್ಳೆಯ ಮಾತು ಆಡಿದ್ದ. ಕರಗಿ ನೀರಾದೆ.

ಅವನಿಗೆ ಎಲ್ಲವೂ 'ರಾ' ಬೇಕು. ಮಣ್ಣಿನ ವಾಸನೆ ಬೇಕು. ಏಸಿ ಕಾರಿನಿಂದ ಕಾಲು ಕೆಳಗಿಡದ ಗಂಡಸಿಗೆ ಮಣ್ಣಿನ ವಾಸನೆ! "ದೆವ್ವದ ಅಳು ಮಾತ್ರ ಒರಿಜಿನಲ್ ಹಳ್ಳಿ ಹೆಂಗಸಿನದೇ ಆಗಬೇಕು ಸರ್. ನಿಮ್ ಕಡೆ ಹಾಡ್ಕೊಂಡು ಅಳ್ತಾರಂತಲ್ಲ?" ಎಂದ. ನಾನು ಮಹಾ ಜಾಣನಂತೆ, ನಮ್ಮ ದೊಡ್ಡವ್ವನೇ ಇದ್ದಾಳೆ ಎಂದುಬಿಟ್ಟೆ.

ಹುನಗುಂದಕ್ಕೆ ಹೋಗಿ ಕೇಳಿದೆ. ದೊಡ್ಡವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಂತಿತು. "ಹೆಣಾ ಇಲ್ದ ಹಾಡಿ ಅಳಬಾರದಪಾ. ಅತ್ತ್ರ ಮನಿಗೆ ಸಾವು ಬರತೈತಿ. ಬಿಡ್ತು ಅನ್ನು ಮೊದ್ಲ." ನಾನು ನಗುತ್ತ ಬಿಡ್ತು ಎಂದೆ. ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪನೂ ನಕ್ಕ. "ನಾ ಸತ್ತಾಗ ಬಾರಲೇ, ನಿಮ್ಮ ದೊಡ್ಡವ್ವ ಬೇಕಾದಷ್ಟು ಹಾಡತಾಳ" ಎಂದ. ಅವನು ಅಮೀನಗಡದ ಕರದಂಟಿನ ಅಂಗಡಿಯಲ್ಲಿ ನಲವತ್ತು ವರ್ಷ ಬೆಲ್ಲದ ಪಾಕ ತಿರುವಿದವನು. ಅಂಗೈ ತುಂಬ ಸುಟ್ಟ ಕಲೆಗಳು. ದೊಡ್ಡವ್ವ ಅವನಿಗೂ ಬಿಡ್ತು ಅನ್ನಿಸಿದಳು.

ಅದಾಗಿ ತಿಂಗಳೊಪ್ಪತ್ತಿಗೆ ದೊಡ್ಡಪ್ಪ ಹೋದ. ಬೆಳಿಗ್ಗೆ ದೊಡ್ಡವ್ವ ಚಹಾ ತಂದು ತಲೆದಿಂಬಿನ ಹತ್ತಿರ ಇಟ್ಟು ಎಬ್ಬಿಸಿದರೆ ಏಳಲಿಲ್ಲ. ಡ್ರಮ್ಮರ್ ಗೆಳೆಯ ಫೋನು ಮಾಡಿ ತಿಳಿಸಿದ. ಖರೆ ಹೇಳುತ್ತೇನೆ, ಫೋನಿಟ್ಟ ಮೇಲೆ ನಾನು ಮೊದಲು ಮಾಡಿದ ಕೆಲಸ ಬೆರಳುದ್ದದ ನನ್ನ ರೆಕಾರ್ಡರಿಗೆ ಹೊಸ ಬ್ಯಾಟರಿ ಹಾಕಿದ್ದು. ಅಂಗಿಯ ಎದೆಜೇಬಿಗೆ ಇಳಿಸಿ ಮೇಲೆ ಕರವಸ್ತ್ರ ಮುಚ್ಚಿದೆ. ದೊಡ್ಡಪ್ಪನ ನೆನಪಿಗೆ ಇರಲಿ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಥೂ!

ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲಿದ್ದರು. ನಾನು ಒಳಗೆ ಹೋಗಿ ದೊಡ್ಡವ್ವನ ಎದುರಿಗೇ ಕೂತೆ, ದನಿ ಸರಿಯಾಗಿ ಸಿಗಲಿ ಎಂದು. ಅವಳು ಅದನ್ನು ಪ್ರೀತಿ ಅಂದುಕೊಂಡಳು. ನನ್ನ ಕೊರಳಿಗೆ ಬಿದ್ದು ಅತ್ತಳು. ಬಾಯಿ ನನ್ನ ಜೇಬಿನ ಹತ್ತಿರವೇ ಬಂತು, ದನಿ ಇನ್ನೂ ಚೊಕ್ಕವಾಗಿ ಹಿಡಿಯಿತು.

"ಏಳ ನನ್ನ ದೊರೀ, ಚಾ ಆರಾಕತ್ತೈತಿ... ಪಾಕ ತಿರುವಿ ತಿರುವಿ ಕೈ ಸುಟ್ಟಾವ, ಊದಾಕ ನಾ ಅದೇನಿ, ಏಳ..."

ಇಪ್ಪತ್ತು ನಿಮಿಷ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಅದು ಸುಳ್ಳಲ್ಲ. ಆದರೆ ಅಳುತ್ತಲೇ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ: ಈ ಸಾಲು ಬೇಕು, ಆ ಕೆಮ್ಮು ಕತ್ತರಿಸಬೇಕು, ಹಿಂದಿನ ನಾಯಿ ಬೊಗಳುವುದನ್ನು ತೆಗೆಯಬೇಕು.

ಸ್ಟುಡಿಯೋದಲ್ಲಿ ದನಿಯನ್ನು ಎರಡು ಸ್ವರ ಕೆಳಗಿಳಿಸಿದೆ, ಕೆಳಗೆ ಗಿಟಾರಿನ ತಂತಿ ಎಳೆದು ತುಂಬಿದೆ. ಯಾರಿಗೂ ಗುರುತು ಹತ್ತಬಾರದೆಂದು ಅಷ್ಟಾದರೂ ಮಾಡಿದ್ದೆ. ನಿರ್ದೇಶಕ ಕೇಳಿ ಕುರ್ಚಿಯಿಂದ ಎದ್ದು ನಿಂತ. "ಇದೇ! ಇದೇ ಬೇಕಿತ್ತು! ಆದ್ರೆ ಆ ಚಹಾ ಲೈನ್ ಇದೆಯಲ್ಲ, ಅಲ್ಲಿ ಗಿಟಾರ್ ತೆಗೀರಿ ಸರ್. ಪಿಚ್ ಇಳಿಸೋದೂ ಬೇಡ. ಬರೀ ವಾಯ್ಸ್ ಇರ್ಲಿ." ನನ್ನ ಜೀವಮಾನದ ಒಂದೇ ಒಂದು ದೊಡ್ಡ ಕೆಲಸ, ಅದರಲ್ಲೂ ನನ್ನ ಗಿಟಾರನ್ನು ತೆಗೆಯಬೇಕಂತೆ! ಒಂದು ಗಂಟೆ ವಾದ ಮಾಡಿದೆ. ನನ್ನ ಗಿಟಾರಿಗಾಗಿ ವಾದ ಮಾಡಿದೆ ನೋಡಿ, ದೊಡ್ಡವ್ವನಿಗಾಗಿ ಅಲ್ಲ. ಕೊನೆಗೆ ಆಯ್ತು ಎಂದು ತೆಗೆದೆ. ಎಲ್ಲ ಹಕ್ಕೂ ಅವರದೇ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಸಿನಿಮಾ ಓಡಿತು. ಅದರಲ್ಲಿ ಹೆಣ್ಣುದೆವ್ವ ಚಹಾದ ಕಪ್ಪು-ಬಸಿ ಹಿಡಿದುಕೊಂಡು ಬರುತ್ತದೆ, "ಏಳ ನನ್ನ ದೊರೀ" ಎಂದು ಅಳುತ್ತದೆ, ಏಳದವನ ಕತ್ತು ಮುರಿಯುತ್ತದೆ. ವಾರದೊಳಗೆ ಆ ಸಾಲು ಎಲ್ಲರ ಮೊಬೈಲಿನಲ್ಲಿ. ಮಲಗಿದ ಗೆಳೆಯನನ್ನು ಹೆದರಿಸುವ ರೀಲು, ಗಂಡನನ್ನು ಎಬ್ಬಿಸುವ ರೀಲು, ನಾಯಿಯನ್ನು ಎಬ್ಬಿಸುವ ರೀಲು. ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವನೇ ಅದನ್ನು ಕೂಗಿ ಗಿರಾಕಿ ಕರೆಯುತ್ತಿದ್ದ. ಮೊದಲ ಹದಿನೈದು ದಿನ ನನಗೆ ಹೆಮ್ಮೆಯೇ ಆಗಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಮೊದಲು ಬಂದವನು ಡ್ರಮ್ಮರ್. ಸ್ಟುಡಿಯೋದ ಬಾಗಿಲು ಒದ್ದು ಒಳಗೆ ಬಂದ.

"ಲೇ, ಅದು ನಿಮ್ಮ ದೊಡ್ಡವ್ವ ಅಲ್ಲೇನಲೇ?"

"ಗಿಟಾರಲೇ ಅದು. ಎಫೆಕ್ಟ್ ಹಾಕೇನಿ."

"ಯಾರ ಕಣ್ಣಿಗೆ ಮಣ್ಣ ಹಾಕ್ತೀಲೇ? ನಾ ಅವತ್ತ ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ಆಕಿ ಕೈಯಾಗಿನ ಚಾ ಕುಡದು ಬೆಳದೇನಿ. ನನಗ ಗೊತ್ತಾಗೂದಿಲ್ಲೇನು?"

ಬಾಯಿಗೆ ಬಂದಂತೆ ಬೈದ. ನಾನೂ ಬಿಡಲಿಲ್ಲ. ನಿನಗೆ ಹೊಟ್ಟೆಕಿಚ್ಚು, ನಾನು ಮೇಲೆ ಬಂದದ್ದು ನೋಡಲಾಗುತ್ತಿಲ್ಲ ಎಂದೆ. ಅವನು ಮೂಲೆಯಲ್ಲಿದ್ದ ತನ್ನ ಸಿಂಬಲ್ ತಟ್ಟೆಗಳನ್ನು ಎತ್ತಿಕೊಂಡು ಹೋದ. ಬ್ಯಾಂಡು ಅಲ್ಲಿಗೆ ಮುಗಿಯಿತು. ಈಗ ಅವನು ಪಂಪ್‌ಸೆಟ್ ಮಾರುತ್ತಾನೆ, ಎದುರಿಗೆ ಸಿಕ್ಕರೆ ಮಾತಾಡುವುದಿಲ್ಲ.

ಆಮೇಲೆ ಅವ್ವ. ನಾನು ಇಳಕಲ್ಲಿಗೆ ಹೋದಾಗ ರಾಟಿ ನಿಲ್ಲಿಸಿ ಕೇಳಿದಳು. "ಅದು ನಮ್ಮಕ್ಕನ ದನಿ ಹೌದೋ ಅಲ್ಲೋ?"

"ಅಲ್ಲವ್ವ, ಗಿಟಾರದು."

"ನಿನ್ನ ಗಿಟಾರ ಚಾ ಕುಡಿತೈತೇನು?"

ಅವ್ವನ ಸಿಟ್ಟು ನನಗೆ ಗೊತ್ತು. ಬೈಯುತ್ತಾಳೆ, ಐದು ನಿಮಿಷಕ್ಕೆ ಉಣ್ಣಲು ಕರೆಯುತ್ತಾಳೆ. ಅವತ್ತು ಬೈಯಲೇ ಇಲ್ಲ. ಹುನಗುಂದದಲ್ಲಿ ನಡೆದದ್ದನ್ನು ಹೇಳಿದಳು. ಬಳಗದ ಒಂದು ಸಾವಿನಲ್ಲಿ ದೊಡ್ಡವ್ವ ದನಿ ಎತ್ತಿದಾಗ ಹೊರಗೆ ಕೂತ ಹುಡುಗರು ಕಿಸಕ್ಕನೆ ನಕ್ಕರಂತೆ. ಯಾವನೋ ಒಬ್ಬ ಮೊಬೈಲಿನಲ್ಲಿ ಆ ಸಾಲನ್ನೇ ಹಚ್ಚಿದನಂತೆ. ಒಳಗೆ ಹೆಣ, ಅದರ ಮುಂದೆ ದೊಡ್ಡವ್ವ, ಹೊರಗೆ ಅವಳದೇ ದನಿ, ಮೇಲೆ ನಗು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಎದ್ದು ಮನೆಗೆ ಹೋದಳಂತೆ. ಆವತ್ತಿನಿಂದ ಯಾವ ಸಾವಿಗೂ ಹೋಗಿಲ್ಲ.

"ನಾಳೆ ನಾ ಸತ್ತಾಗ ನಮ್ಮಕ್ಕ ಬಂದು ಅಳಲಿಲ್ಲಂದ್ರ ನಿನ್ನ ಸುಮ್ನ ಬಿಡಂಗಿಲ್ಲ ನೋಡು" ಎಂದಳು ಅವ್ವ. "ಹೋಗು. ಕಾಲಿಗೆ ಬೀಳು, ಏನರ ಮಾಡು. ನನಗ ಆಕಿ ಅಳು ಬೇಕು."

ಹೋದೆ. ಹೊಡೆಯಲಿ, ಕಸಬರಿಗೆ ತೆಗೆದುಕೊಳ್ಳಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋದೆ. ದೊಡ್ಡವ್ವ ಚಹಾ ಮಾಡಿ ಮುಂದಿಟ್ಟಳು. 'ಆರತೈತಿ' ಎನ್ನಲಿಲ್ಲ. ಆ ಮಾತನ್ನು ಆಡುವುದನ್ನೇ ಬಿಟ್ಟಿದ್ದಳು. ನಾನು ಲೋಟ ಎತ್ತಿಕೊಂಡಾಗ ಕೇಳಿದಳು:

"ನಾ ಅಷ್ಟ ಕೆಟ್ಟ ಅತ್ತಿದ್ನೇನಪಾ? ಕೇಳಿದ ಮಂದಿ ಅಂಜೂವಂಗ?"

ಕಾಲಿಗೆ ಬಿದ್ದು ಜೇಬಿನ ರೆಕಾರ್ಡರಿನ ಮಾತೆಲ್ಲ ಹೇಳಿದೆ. ಏಳು ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಹೇಳಲಿಲ್ಲ.

ಅಲ್ಲಿಂದ ಹೊರಬಿದ್ದು ರಸ್ತೆಯಲ್ಲೇ ನಿಂತು ನಿರ್ದೇಶಕನಿಗೆ ಫೋನು ಹಚ್ಚಿದೆ. ಆ ಹನ್ನೊಂದು ಸೆಕೆಂಡು ತೆಗೆಯಿರಿ, ಹೊಸದಾಗಿ ಗಿಟಾರಿನಲ್ಲಿ ಮಾಡಿಕೊಡುತ್ತೇನೆ ಎಂದೆ. ಅವನು ನಕ್ಕ. "ಏನ್ ಸರ್ ಹೀಗಂತೀರಾ? ಅದೇ ನಮ್ ಬ್ರ್ಯಾಂಡು. ಪಾರ್ಟ್ ಟೂ ಟೈಟಲ್‌ನಲ್ಲೇ ಅದಿದೆ." ಅವಳು ನನ್ನ ದೊಡ್ಡವ್ವ ಎಂದು ಕಿರುಚಿದೆ. "ಅಯ್ಯೋ, ಹೌದಾ! ಹಾಗಾದ್ರೆ ಒಂದು ಇಂಟರ್‌ವ್ಯೂ ಮಾಡಿಸೋಣ್ವಾ ಅವರದ್ದು?" ಎಂದ. ಅವತ್ತು ಅವನು ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಎರಡನೆಯ ಭಾಗ ನನ್ನನ್ನು ಬಿಟ್ಟು ಮಾಡಿದ, ದೊಡ್ಡವ್ವನನ್ನು ಬಿಡಲಿಲ್ಲ. ನನ್ನ ಸಹಿ ಇತ್ತಲ್ಲ. ನಾನು ಬೇರೆಯವರ ನಾಲ್ಕು ದೆವ್ವಗಳಿಗೆ ಗಿಟಾರು ಬಾರಿಸಿದೆ. ಎಲ್ಲರೂ "ಅದರಂಥದ್ದೇ ಒಂದು" ಎಂದೇ ಕೇಳುತ್ತಿದ್ದರು.

ಹೋದ ವರ್ಷ ಅವ್ವ ತೀರಿಕೊಂಡಳು. ಬೆಳಿಗ್ಗೆ ರಾಟಿಯ ಮುಂದೆ ಕೂತವಳು ಎದೆ ಹಿಡಿದುಕೊಂಡು ಹಾಗೆಯೇ ಒರಗಿದಳಂತೆ. ನಾನು ಬಾಗಲಕೋಟೆಯಿಂದ ಹೊರಟು ಇಳಕಲ್ಲು ಮುಟ್ಟಿದಾಗ ಹತ್ತು ಗಂಟೆ. ನಮ್ಮ ಓಣಿಯಲ್ಲಿ ಸಾವಾದರೆ ಹೆಣ ಎತ್ತುವತನಕ ಮಗ್ಗಗಳು ನಿಲ್ಲುತ್ತವೆ. ನಿಂತಿದ್ದವು. ಆದರೆ ಅಳುವೂ ಇರಲಿಲ್ಲ. ಹಗಲು ಹತ್ತು ಗಂಟೆಗೆ, ಸತ್ತವಳ ಮನೆಯಲ್ಲಿ ಹತ್ತಿಪ್ಪತ್ತು ಹೆಂಗಸರು ಕೂತು ಒಂದು ದನಿ ಇಲ್ಲ. ಐದು ಸಿನಿಮಾ ಮಾಡಿದ್ದೇನೆ, ಅಂಥ ಹೆದರಿಕೆಯನ್ನು ಒಂದರಲ್ಲೂ ನನಗೆ ಮಾಡಲಾಗಿಲ್ಲ.

ದೊಡ್ಡವ್ವ ಬಂದಿದ್ದಳು. ತಂಗಿಯ ತಲೆಯ ಹತ್ತಿರ ಕೂತು ಅವಳ ಕೂದಲು ಸರಿ ಮಾಡುತ್ತಿದ್ದಳು. ನಾನು ಅವ್ವನ ಕಾಲು ಹಿಡಿದು ಬಿದ್ದು ಅತ್ತೆ. ನನ್ನದೊಂದೇ ದನಿ. ತಲೆ ಎತ್ತಿ ನೋಡಿದರೆ ಹೆಂಗಸರೆಲ್ಲ ನನ್ನ ಎದೆಜೇಬನ್ನು ನೋಡುತ್ತಿದ್ದರು.

ನನಗೆ ತಿಳಿಯಿತು. ಎದ್ದು ಫೋನು ತೆಗೆದು ಬಂದ್ ಮಾಡಿ ಮಗ್ಗದ ಮೇಲಿಟ್ಟೆ. ಜೇಬುಗಳನ್ನೆಲ್ಲ ಹೊರಗೆಳೆದು ತೋರಿಸಿದೆ. ಅಂಗಿಯನ್ನೇ ಬಿಚ್ಚಿ ಎಸೆದೆ. ಬನಿಯನ್ನಿನ ಮೇಲೆ ಬಂದು ಕೂತು, "ಅಳು ದೊಡ್ಡವ್ವ" ಎಂದೆ.

"ಹೊರಗ ಹೋಗಪಾ" ಎಂದಳು.

"ಫೋನ್ ಬಂದ್ ಮಾಡೇನಿ ದೊಡ್ಡವ್ವ. ಏನೂ ಇಲ್ಲ ನನ್ನ ಹಂತ್ಯಾಕ."

"ಫೋನಲ್ಲಪಾ. ನಿನ್ನ ಕಿವಿ."

ನನ್ನ ಪಿತ್ತ ನೆತ್ತಿಗೇರಿತು. "ಆಕಿ ನನ್ನವ್ವ!" ಎಂದು ಕೂಗಿದೆ. ಹೆಣದ ಮುಂದೆ ನಿಂತು ಕೂಗಿದೆ.

"ನನ್ನ ತಂಗಿ" ಎಂದಳು ದೊಡ್ಡವ್ವ, ಮೆಲ್ಲಗೆ. "ನೀ ಕೇಳಾಕತ್ತಿರೂತನ ನನಗ ಅಳು ಬರೂದಿಲ್ಲೋ ಎಪ್ಪಾ. ನನ್ನ ಗಂಟಲಾಗ ನೀ ಕುಂತಂಗ ಆಗತೈತಿ."

ಸಿಟ್ಟಿನಲ್ಲೇ ಹೊರಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಒಳಗಿನ ಮಾತೆಲ್ಲ ಅವನಿಗೂ ಕೇಳಿಸಿತ್ತು. ಅವನಾದರೂ ನನ್ನ ಪರ ಒಂದು ಮಾತಾಡುತ್ತಾನೆ ಎಂದು ನೋಡಿದೆ. ಅವನು ಓಣಿಯ ಕಡೆ ಕೈ ಮಾಡಿದ. "ಇಲ್ಲಿ ಬ್ಯಾಡ, ಇಲ್ಲಿತನ ಕೇಳತೈತಿ. ಮುಂದ ಹೋಗು. ನಿಮ್ಮವ್ವ ಅಳಸಿಕೊಳ್ಳದ ಹೋಗಬಾರದು."

ಬನಿಯನ್ನಿನಲ್ಲೇ ನಡೆದೆ. ಓಣಿಯ ತಿರುವು ಬಂದಾಗ ಹಿಂದಿನಿಂದ ದನಿ ಎದ್ದಿತು. "ತಂಗೆವ್ವಾ..." ಎಂದು ಒಂದು ಎಳೆ, ತಂಗಿಯನ್ನು ಕರೆಯುವ ಎಳೆ. ಕಾಲು ತಾನಾಗಿ ನಿಂತಿತು. ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದದ್ದರಿಂದ ಅದು ಇನ್ನೂ ಎಷ್ಟೋ ದೂರದವರೆಗೆ ಕೇಳುತ್ತಿತ್ತು. ಒಂದು ಸಾಲು ಕೇಳಿಕೊಂಡರೆ ಏನಾದೀತು, ಅವಳಿಗೇನು ಗೊತ್ತಾಗುತ್ತದೆ ಎನ್ನಿಸಿತು. ಆಮೇಲೆ ಓಡಿದೆ. ರಸ್ತೆ ದಾಟಿ, ಪವರ್‌ಲೂಮ್ ಶೆಡ್ಡುಗಳಿರುವಲ್ಲಿಗೆ ಹೋಗಿ, ಕಿಟಕಿಯ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತೆ. ಒಳಗೆ ಮಷಿನ್ನುಗಳು ಖಟಖಟ ಹೊಡೆಯುತ್ತಿದ್ದವು, ಬೇರೇನೂ ಕೇಳುತ್ತಿರಲಿಲ್ಲ. ಶೆಡ್ಡಿನವನು ಹೊರಗೆ ಬಂದು ಏನೋ ಕೇಳಿದ. ಅದೂ ಕೇಳಿಸಲಿಲ್ಲ. ಒಂದು ತಾಸು ಹಾಗೆಯೇ ನಿಂತಿದ್ದೆ.

ಕರೆಯಲು ಬಂದವನು ಡ್ರಮ್ಮರ್. ಎಷ್ಟೋ ವರ್ಷದ ಮೇಲೆ ಎರಡು ಮಾತಾಡಿದ. "ನಡಿ. ಎತ್ತೂದೈತಿ." ಕೈಯಲ್ಲಿ ನನ್ನ ಅಂಗಿ ಇತ್ತು.

ಮಣ್ಣು ಮುಗಿಸಿ ಬಂದ ಮೇಲೆ ಕೈಕಾಲು ತೊಳೆದುಕೊಳ್ಳಲು ದೊಡ್ಡವ್ವ ನೀರು ಕೊಟ್ಟಳು. "ತಗೋಪಾ" ಎಂದಳು. ದನಿ ಪೂರ್ತಿ ಒಡೆದುಹೋಗಿತ್ತು. ತಂಗಿಗಾಗಿ ಹೊಟ್ಟೆ ತುಂಬ ಅತ್ತಿದ್ದಾಳೆ ಎಂದು ಅದರಿಂದಲೇ ತಿಳಿಯಿತು. ಹುಟ್ಟಿದಾಗಿನಿಂದ ಅವ್ವನನ್ನು ನೋಡಿದವಳು ಅವಳೊಬ್ಬಳೇ. ಏನೇನು ಹೇಳಿಕೊಂಡಳೋ, ನನ್ನ ಹೆಸರು ಬಂತೋ ಇಲ್ಲವೋ. ಅಪ್ಪನನ್ನು ಕೇಳಿದೆ, ಅವನು ಹೇಳಲಿಲ್ಲ. ಓಣಿಯವರೆಲ್ಲ ಕೇಳಿದ್ದಾರೆ. ನನಗೊಬ್ಬನಿಗೆ ಗೊತ್ತಿಲ್ಲ.